ಹಣೆಗೆ ತಂತಿ ಅಂಟಿಸಿದ ಬೇಸಿಗೆ

ಹೋದ ತಿಂಗಳು ಸಿಂಧನೂರಿನ ಫಿಸಿಯೋಥೆರಪಿ ದವಾಖಾನೆಯಲ್ಲಿ ಒಬ್ಬ ಹುಡುಗಿ ನನ್ನ ಗಟ್ಟಿಯಿದ್ದ ಮೊಣಕಾಲಿಗೆ ಇಪ್ಪತ್ತು ನಿಮಿಷ ಕರೆಂಟು ಕೊಟ್ಟಳು. ನೋಯುತ್ತಿದ್ದದ್ದು ಇನ್ನೊಂದು.

ತಪ್ಪು ಹೇಗಾಯಿತೆಂದರೆ, ಅವಳು ನನ್ನನ್ನು ಕೇಳಲೇ ಇಲ್ಲ. ನಾನು ಮೇಜಿನ ಮೇಲೆ ಕಾಲು ಚಾಚಿಕೊಂಡು ಅವಳ ಎದುರಿಗೇ ಕೂತಿದ್ದೆ. ಅವಳು ನನ್ನ ತಲೆಯ ಮೇಲಿಂದ ಸೊಸೆಯನ್ನು ಕೇಳಿದಳು, "ಅಜ್ಜಿಗೆ ಯಾವ ಕಾಲು ನೂಸ್ತೈತ್ರಿ?" ಸೊಸೆ ಫೋನಿನಲ್ಲಿ ಏನೋ ಓದುತ್ತ "ಎಡದ್ದು" ಅಂದಳು. ಅಷ್ಟಕ್ಕೆ ಮುಗಿಯಿತು. ಹುಡುಗಿ ಎಡ ಮೊಣಕಾಲಿಗೆ ತಣ್ಣನೆಯ ಲೋಳೆ ಬಳಿದು ತಂತಿ ಅಂಟಿಸಿದಳು.

ಹೇಳಲೆಂದು ಬಾಯಿ ತೆರೆದವಳು ಹಾಗೇ ಉಳಿದೆ. ಆ ಲೋಳೆಯ ವಾಸನೆ ಮೂಗಿಗೆ ಬಡಿದಿತ್ತು. ಉಪ್ಪು, ಆಸ್ಪತ್ರೆಯ ಸಾಬೂನು, ಎಲ್ಲೋ ಒಂಚೂರು ತುಕ್ಕು. ಐವತ್ತು ವರ್ಷದ ಹಿಂದಿನ ವಾಸನೆ. ಅದರ ಬೆನ್ನಿಗೇ ಸಿಟ್ಟೂ ಬಂತು. ಅದೂ ಐವತ್ತು ವರ್ಷದ್ದೇ, ಒಂದಿಷ್ಟೂ ಹಳಸಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಎಡದಂಡೆ ಕಾಲುವೆಯಿಂದ ಒಂದು ಉಪಕಾಲುವೆ ಒಡೆಯುವ ಕಡೆ ನಮ್ಮ ಕ್ವಾರ್ಟರ್ಸು. ಎರಡು ಖೋಲಿ, ಒಂದು ಪಡಸಾಲೆ, ಕಿಟಕಿ ತೆರೆದರೆ ಗೇಟು. ನಮ್ಮವರು ಅಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಗೇಟಿನ ಪಕ್ಕದ ಗೋಡೆಗೆ ಬಿಳಿ ಬಣ್ಣದಲ್ಲಿ ಫೂಟು, ಇಂಚು ಬರೆದ ಗೇಜು ಇತ್ತು. ನಮ್ಮವರು ಮುಂಜಾನೆ ಎದ್ದು ಲಿಂಗಪೂಜೆಗೆ ಕೂಡುವ ಮೊದಲು ಆ ಗೇಜಿನ ಮುಖ ನೋಡಿ ಬರುತ್ತಿದ್ದರು. ನೀರು ಇಷ್ಟಿದ್ದರೆ ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟುತ್ತದೆ. ನಾಲ್ಕು ಬೆರಳು ಇಳಿದರೂ ಕೊನೆಯವನ ನೆಲ್ಲು ಒಣಗುತ್ತದೆ. ಆ ಕೊನೆಯ ಹೊಲದವರಿಗೆ ಕಾಲುವೆ ಮಂದಿ 'ಟೇಲ್‌ನವರು' ಅನ್ನುತ್ತಿದ್ದರು. ಮೇಲಿನವರು ತೂಬಿಗೆ ಗೋಣಿಚೀಲ ಒಡ್ಡಿ ನೀರು ಎಳೆದುಕೊಂಡರೆ ನಮ್ಮವರು ಸೈಕಲ್ ಹತ್ತಿ ಹೋಗಿ ಚೀಲ ಕಿತ್ತು, ಬೈದು, ಬೈಸಿಕೊಂಡು ಬರುತ್ತಿದ್ದರು. ಬಂದು ಊಟಕ್ಕೆ ಕೂತಾಗ ಅವರ ಮುಖದಲ್ಲಿ ಒಂಥರಾ ತೃಪ್ತಿ ಇರುತ್ತಿತ್ತು.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ನಮ್ಮಪ್ಪ ಡ್ಯಾಮಿನ ಕೆಲಸದ ಕಾಲದಲ್ಲಿ ಉಗ್ರಾಣದ ಗುಮಾಸ್ತ. ಮಗಳು ಇಂಗ್ಲಿಷು ಕಲಿಯಲಿ ಅಂತ ಆಸೆ. ಇಂಗ್ಲಿಷು ಬಂತು, ಕಸೂತಿ ಬಂತು. ಇವೆರಡಕ್ಕಿಂತ ಚೆನ್ನಾಗಿ ಬಂದದ್ದು ಇನ್ನೊಂದು: ಸಿಟ್ಟು ಬಂದರೆ ಹತ್ತರವರೆಗೆ ಎಣಿಸುವುದು. ಮದರ್ ಕಲಿಸಿದ್ದು. ಎಣಿಸಿ ಮುಗಿಸುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ ಅನ್ನುತ್ತಿದ್ದರು. ಇಳಿಯುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಎದುರಿಗಿದ್ದವರು ಎದ್ದು ಹೋಗಿರುತ್ತಿದ್ದರು.

ಶಿವರಾತ್ರಿ ಆಗಿ ಮೂರನೆಯ ದಿನ, ಮುಂಜಾನೆ, ಗೇಟಿನ ಚಕ್ರ ತಿರುಗಿಸುತ್ತಿದ್ದ ನಮ್ಮವರು ಹಾಗೆಯೇ ಎಡಕ್ಕೆ ವಾಲಿದರು. ಗೇಟು ಎತ್ತಿ ಇಳಿಸುವ ಲಸ್ಕರ್ ಖಾಸಿಂ ಅಲ್ಲೇ ಇದ್ದ. ಹನ್ನೆರಡು ವರ್ಷದಿಂದ ನಮ್ಮವರ ಕೈಕೆಳಗೆ ದುಡಿದವನು. ಅವನು ಅಂಗಿಯ ಕಾಲರಿಗೆ ಕೈ ಹಾಕಿ ಎಳೆಯದಿದ್ದರೆ ನೀರಿಗೆ ಬೀಳುತ್ತಿದ್ದರು. ಎಡಗೈ, ಎಡಗಾಲು ಹೋಯಿತು. ಬಾಯಿ ಸೊಟ್ಟಗಾಯಿತು. ಆಗ ಅವರಿಗೆ ನಲವತ್ತೆರಡು.

ದೂರದ ದೊಡ್ಡ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡರು. ಒಂದು ದಿನ ಇಬ್ಬರು ಡಾಕ್ಟರರು ಮಂಚದ ಪಕ್ಕ ನಿಂತು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ತಲೆ ಮೇಲೆ ಸೆರಗು ಹೊದ್ದು ಕೂತ ಹಳ್ಳಿ ಹೆಂಗಸಿಗೆ ಏನು ತಿಳಿಯುತ್ತದೆ ಅಂದುಕೊಂಡಿರಬೇಕು. ದೊಡ್ಡವರು ಸಣ್ಣವರಿಗೆ ಹೇಳಿದರು: ಈತ ಬದುಕುವ ಆಸೆಯನ್ನೇ ಬಿಟ್ಟಿದ್ದಾನೆ, ಇನ್ನು ತರಕಾರಿ ಇದ್ದ ಹಾಗೆ, ಮಳೆಗಾಲ ದಾಟುವುದಿಲ್ಲ. ತರಕಾರಿ, ನಾನು ದಿನಾ ಹೆಚ್ಚುವಂಥದ್ದು. ಹತ್ತರವರೆಗೆ ಎಣಿಸಿದೆ. ಅವರು ಮುಂದಿನ ಮಂಚಕ್ಕೆ ಹೋಗಿದ್ದರು.

ಮನೆಗೆ ಕರಕೊಂಡು ಬಂದೆವು. ಮಗ ರಾಯಚೂರಿನ ಹಾಸ್ಟೆಲಿನಲ್ಲಿದ್ದ. ನಮ್ಮ ಭಾವ ಶರಣಪ್ಪ, ಅಂದರೆ ನಮ್ಮವರ ಅಣ್ಣ, ಮಸ್ಕಿಯಲ್ಲಿ ಅರಿವೆ ಅಂಗಡಿ ಇಟ್ಟವರು, ದಿನಾ ಬಂದು ಪಡಸಾಲೆಯಲ್ಲಿ ಕೂಡುತ್ತಿದ್ದರು. ಬಂದವರಿಗೆಲ್ಲ ಅವರೇ ವರದಿ ಒಪ್ಪಿಸುವವರು. "ಕಟ್ಟಿಗಿ ಆಗ್ಯಾನ ನೋಡ್ರಿ ನಮ್ಮ ವೀರೂ. ಒಂದು ಕಡಿ ಪೂರಾ ಕಟ್ಟಿಗಿ." ಹೀಗೆ ಹೇಳುವಾಗ ತಮ್ಮನ ಎಡಗೈಯನ್ನು ಎತ್ತಿ ಕೈಬಿಡುತ್ತಿದ್ದರು. ಅದು ಹಾಸಿಗೆಗೆ ಬೀಳುವ ಸಪ್ಪಳ ಎಲ್ಲರೂ ಕೇಳಬೇಕು. ದಿನಕ್ಕೆ ನಾಲ್ಕು ಸಲ, ಐದು ಸಲ. ಬಂದವರು ನಮ್ಮವರನ್ನು ದಾಟಿ ನನ್ನನ್ನು ಕೇಳುತ್ತಿದ್ದರು: "ಉಣ್ತಾನೇನವ್ವಾ? ಗುರುತು ಹಿಡಿತಾನೇನು?" ನಾನು ಮೆಲ್ಲಗೆ ಉತ್ತರ ಕೊಡುತ್ತಿದ್ದೆ. ಚಹಾ ಕೊಡುತ್ತಿದ್ದೆ.

ಒಂದು ದಿನ ಭಾವ ಯಾವನೋ ನಾಟಿ ವೈದ್ಯನನ್ನು ಕರೆತಂದರು. ಅವನ ಕಂಬಳಿಯೊಳಗೆ ಒಂದು ಪಾರಿವಾಳ ಇತ್ತು. ಲಕ್ವಕ್ಕೆ ಅದರ ಬಿಸಿ ರಕ್ತ ತಿಕ್ಕಬೇಕಂತೆ. ಲಿಂಗವಂತರ ಮನೆಯಲ್ಲಿ! "ಜೀವ ಉಳದ್ರ ಜಾತಿ, ನೀ ಒಳಗ ನಡಿ ತಂಗಿ" ಅಂದರು ಭಾವ. ಪಾರಿವಾಳದ ಸಪ್ಪಳ ಒಳಗೂ ಕೇಳಿಸಿತು. ಹೊರಗೆ ಬಂದಾಗ ನಮ್ಮವರ ಕೊರಳಿನ ಲಿಂಗದ ಕರಡಿಗೆಯವರೆಗೂ ರಕ್ತ ಇಳಿದಿತ್ತು. ಅವರು ಅದನ್ನೇ ನೋಡುತ್ತಿದ್ದರು. ನಾನು ಏನು ಮಾಡಿದೆ? ಬಿಸಿನೀರು ಕಾಸಿದೆ. ಒರೆಸಿದೆ. ಅಷ್ಟೇ ಮಾಡಿದ್ದು.

ಆ ದಿನದಿಂದ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮಾತು ತೊದಲಾದರೂ ಬರುತ್ತಿತ್ತು, ಅದನ್ನೂ ನಿಲ್ಲಿಸಿದರು. ತುತ್ತು ಇಟ್ಟರೆ ದವಡೆಯಲ್ಲೇ ಇಟ್ಟುಕೊಂಡು ಮಲಗಿಬಿಡುತ್ತಿದ್ದರು. ಗಂಜಿ ಕುಡಿಸಿದರೆ ಎರಡು ಚಮಚೆ. ಎದೆಯ ಎಲುಬು ಎಣಿಸುವ ಹಾಗಾಯಿತು. ಸುಮ್ಮನೆ ಕಣ್ಣಿಂದ ನೀರು. ಅದನ್ನು ನೋಡಿ ಭಾವ, "ಗಂಡಸಾಗಿ ಅಳ್ತಿಯಲ್ಲೋ, ಸೋಗು ಮಾಡಬ್ಯಾಡ, ಏಳು" ಅನ್ನುತ್ತಿದ್ದರು. ಒಂದು ಮಧ್ಯಾಹ್ನ ನಾನು ದಿಂಬು ಸರಿಮಾಡುವಾಗ ನಮ್ಮವರು ನನ್ನ ಬಳೆ ಹಿಡಿದು, "ಬಿಡು... ಸಾಕು" ಅಂದರು. ಯಾವುದನ್ನು ಬಿಡಬೇಕು ಅಂತ ನಾನು ಕೇಳಲಿಲ್ಲ. ಗೊತ್ತಿತ್ತು.

ಅವರ ಜೊತೆ ಮನುಷ್ಯರ ಹಾಗೆ ಮಾತಾಡುತ್ತಿದ್ದವನು ಖಾಸಿಂ ಒಬ್ಬನೇ. ದಿನಾ ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವರ ಬೆನ್ನಿಗೆ ಹೇಳುತ್ತಿದ್ದ: "ಅಣ್ಣಾರ, ನಾಲ್ಕು ಫೂಟ್ ಎಂಟು ಇಂಚ್. ಟೇಲ್‌ಗೆ ಮುಟ್ಟೈತಿ." ಉತ್ತರ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆದ ದಿನವೂ ಬಂದ. "ಅಣ್ಣಾರ, ಗೇಜ್ ಸೊನ್ನಿ." ಅವತ್ತು ಆ ಬೆನ್ನು ಅಲುಗಾಡಿತು. ಅಳುತ್ತಿದ್ದರು.

ನಾನು ಕಾನ್ವೆಂಟಿಗೆ ಕಾಗದ ಬರೆದೆ. ಯಾಕೆ ಬರೆದೆನೋ, ಬೇರೆ ಯಾರಿಗೆ ಬರೆಯಬೇಕೋ ತಿಳಿಯಲಿಲ್ಲ. ಉತ್ತರ ಬಂತು: ನನಗಿಂತ ನಾಲ್ಕು ವರ್ಷ ಮುಂದಿದ್ದ ವಯಲೆಟ್ ಈಗ ಡಾಕ್ಟರಾಗಿದ್ದಾಳೆ, ವಿಲಾಯತಿಗೆ ಹೋಗಿ ಬಂದಿದ್ದಾಳೆ, ಲಿಂಗಸುಗೂರಿನಲ್ಲಿ ಒಂದು ಬಾಡಿಗೆ ಮನೆಯಲ್ಲಿ ದವಾಖಾನೆ ನಡೆಸುತ್ತಿದ್ದಾಳೆ, ಲಕ್ವ ಹೊಡೆದವರಿಗೆ ಏನೋ ಹೊಸ ಯಂತ್ರ ಇಟ್ಟಿದ್ದಾಳೆ.

"ಡಬ್ಬಿಯಿಂದ ಲಕ್ವ ಹೋಗ್ತೈತೇನು?" ಅಂದರು ಭಾವ. "ಕಾನ್ವೆಂಟಿನಾಕಿ ಬುದ್ಧಿ ನೋಡ್ರಿ. ಮನಿಯಾಗ ರೇಡಿಯೋ ಐತಲ್ಲ, ಅದನ್ನ ಎದಿ ಮ್ಯಾಲ ಇಡು, ಏಳ್ತಾನ!"

ಖಾಸಿಂ ಬೆನ್ನ ಮೇಲೆ ಹೊತ್ತು ಬಸ್ಸಿಗೆ ಏರಿಸಿದ. ಮಸ್ಕಿ ದಾಟಿದ ಮೇಲೆ ಕಾಲುವೆಯ ಹಸಿ ವಾಸನೆ ಮುಗಿದು ಕೆಂಪು ಕಲ್ಲಿನ ಒಣ ನೆಲ ಶುರುವಾಗುತ್ತದೆ. ಬಸ್ಸಿನಲ್ಲೂ ಅದೇ. "ಪಾಪ, ಎಷ್ಟ್ ದಿನ ಆತವ್ವಾ ಹಿಂಗಾಗಿ?" ನನಗೇ ಪ್ರಶ್ನೆ.

ವಯಲೆಟ್ ದಪ್ಪ ಕನ್ನಡಕದ, ಕುಳ್ಳ ಹೆಂಗಸು. ನನ್ನನ್ನು ಗುರುತು ಹಿಡಿದರೂ ನನ್ನ ಕಡೆ ನೋಡಲಿಲ್ಲ. ಸ್ಟೂಲು ಎಳೆದು ನಮ್ಮವರ ಮುಖದ ಮುಂದೆ ಕೂತು, "ನಿಮ್ಮ ಹೆಸರೇನು?" ಅಂದರು. ಖಾಸಿಂ ಹೇಳಲು ಹೋದ. ವಯಲೆಟ್ ತಿರುಗಿ ನೋಡದೆ ಅಂಗೈ ಎತ್ತಿ ತಡೆದರು. ನನಗೆ ಅಭ್ಯಾಸ, ಎಣಿಸತೊಡಗಿದೆ. ಹತ್ತು ದಾಟಿತು. ಹದಿನೇಳಕ್ಕೆ, "ವೀ...ರಭದ್ರಪ್ಪ" ಅಂದರು. ಆ 'ಬಿಡು, ಸಾಕು' ಆದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು. ಅಷ್ಟೂ ದಿನ ಅವರು ಉತ್ತರ ಕೊಡಲು ಹೊರಟಿದ್ದರೇನೋ. ಹದಿನೇಳರವರೆಗೆ ನಾವು ಯಾರೂ ಕಾದಿರಲಿಲ್ಲ.

ಯಂತ್ರ ಅಂದರೆ ಒಂದು ಕಟ್ಟಿಗೆ ಡಬ್ಬಿ. ಮುಂದೆ ಗಡಿಯಾರದಂಥ ಮುಖ, ಅದರೊಳಗೊಂದು ಮುಳ್ಳು, ಕೆಳಗೆ ಸಣ್ಣ ಸ್ಪೀಕರು. ಬ್ಯಾಟರಿ ಸೆಲ್ಲಿನ ಮೇಲೆ ನಡೆಯುವುದು. ಮೂರು ತಂತಿಯ ತುದಿಗೆ ನಾಲ್ಕಾಣೆಯಷ್ಟು ಅಗಲದ ಬಿಲ್ಲೆಗಳು. ವಯಲೆಟ್ ಅವಕ್ಕೆ ಲೋಳೆ ಹಚ್ಚಿದರು. ಆ ವಾಸನೆ! ನಮ್ಮವರ ಎಡ ಮುಂಗೈಗೆ ಅಂಟಿಸಿ, "ಕೈ ಎತ್ತುವ ಪ್ರಯತ್ನ ಮಾಡಿ" ಅಂದರು. ಕೈ ಅಲುಗಲಿಲ್ಲ. ಬೆರಳೂ ಅಲುಗಲಿಲ್ಲ. ಆದರೆ ಡಬ್ಬಿಯೊಳಗಿಂದ ಒಂದು ಸಪ್ಪಳ ಬಂತು. ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್... ಟಕ್.

"ಅದು ನಿಮ್ಮ ಕೈ" ಅಂದರು ವಯಲೆಟ್. "ಎತ್ತುವಷ್ಟು ಶಕ್ತಿ ಇಲ್ಲ. ಆದರೆ ನೀವು ಹೇಳಿದ್ದು ಅದಕ್ಕೆ ಕೇಳಿಸಿದೆ. ಅದು ಉತ್ತರ ಕೊಡುತ್ತಿದೆ. ಮತ್ತೊಮ್ಮೆ ಹೇಳಿ."

ನಮ್ಮವರು ಮತ್ತೊಮ್ಮೆ ಹೇಳಿದರು. ಟಕ್. ಟಕ್ ಟಕ್. ಖಾಸಿಂ "ಯಾ ಅಲ್ಲಾ" ಅಂದ. ನನಗೆ ಖುಷಿಗಿಂತ ಮೊದಲು ನೆನಪಾದದ್ದು, ಭಾವ ದಿನಕ್ಕೆ ಐದು ಸಲ ಎತ್ತಿ ಕೈಬಿಡುತ್ತಿದ್ದ ಆ ಕೈ ಇದೇ ಅಂತ.

ವಯಲೆಟ್ ದೊಡ್ಡ ಮಾತು ಹೇಳುವವರಲ್ಲ. "ಇದು ಔಷಧ ಅಲ್ಲ, ಕನ್ನಡಿ. ಒಳಗೆ ಏನಾಗುತ್ತಿದೆ ಅಂತ ತೋರಿಸುತ್ತದೆ, ತಿದ್ದಿಕೊಳ್ಳುವವರು ನೀವೇ. ಕೈ ಎಷ್ಟು ಬರುತ್ತದೋ ನನಗೆ ಖಾತ್ರಿಯಿಲ್ಲ. ನನಗೆ ಹೆದರಿಕೆ ನಿಮ್ಮ ಕೈಯದಲ್ಲ, ನಿಮ್ಮ ದುಃಖದ್ದು." ಆಮೇಲೆ ಅವರಿಗೇ ಬಿಡಿಸಿ ಹೇಳಿದರು. ಮೆದುಳಿಗೆ ಪೆಟ್ಟು ಬಿದ್ದಾಗ ಕೈಕಾಲಿನ ಹಾಗೆ ಮನಸ್ಸೂ ಕುಸಿದು ಬೀಳುತ್ತದೆ. ಅದು ಸೋಗಲ್ಲ, ಹೇಡಿತನವಲ್ಲ, ರೋಗದ್ದೇ ಒಂದು ಭಾಗ. ದುಃಖ, ಹೆದರಿಕೆ ಹಣೆಯ ಸ್ನಾಯುಗಳಲ್ಲಿ ಬಿಗಿದು ಕೂತಿರುತ್ತದೆ. ಹಣೆಗೆ ಬಿಲ್ಲೆ ಅಂಟಿಸುತ್ತೇನೆ. ಉಸಿರು ನಿಧಾನ ಮಾಡಿ ಮುಳ್ಳನ್ನು ಕೆಳಗಿಳಿಸಬೇಕು, ಟಕಟಕ ಕಡಿಮೆಯಾಗಬೇಕು. ಅದನ್ನು ಇಳಿಸಲು ಬಂದರೆ ನಿದ್ದೆ ಬರುತ್ತದೆ, ಹಸಿವು ಬರುತ್ತದೆ.

ಕೈಯ ಮುಳ್ಳು ಏರಿಸಬೇಕು, ಹಣೆಯ ಮುಳ್ಳು ಇಳಿಸಬೇಕು. ವಾರಕ್ಕೆ ಎರಡು ಸಲ ಲಿಂಗಸುಗೂರಿಗೆ. ಮೊದಲನೆಯದು ಅವರಿಗೆ ಬೇಗ ಬಂತು. ಎರಡನೆಯದು ಬರಲೇ ಇಲ್ಲ. ಮುಳ್ಳು ಕೊಂಚ ಇಳಿಯತೊಡಗಿದರೆ ಸಾಕು, ನಮ್ಮವರ ಕಣ್ಣಿಗೆ ಗಾಬರಿ ಬರುತ್ತಿತ್ತು. ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ ಮತ್ತೆ ಮೇಲಕ್ಕೆ ಒಯ್ಯುತ್ತಿದ್ದರು. ಡಬ್ಬಿ ಮಳೆ ಬಂದ ಹಾಗೆ ಸದ್ದು ಮಾಡುತ್ತಿತ್ತು. ನಾಲ್ಕು ಸಲ ಹೀಗಾಯಿತು. ರಕ್ತದ ಒತ್ತಡ ಏರಿತು. ಐದನೆಯ ಸಲ ವಯಲೆಟ್ ನನ್ನನ್ನು ಹೊರಗೆ ಕರೆದು ಹೇಳುವ ಬದಲು ಅವರ ಮುಂದೆಯೇ ಹೇಳಿದರು, "ಮುಂದಿನ ವಾರವೂ ಹೀಗೇ ಆದರೆ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ಹೊಡೆತ ಬಿದ್ದರೆ ಉಳಿಯುವುದಿಲ್ಲ."

ವಾಪಸು ಬರುವಾಗ ಕಾಲುವೆಯ ಸೇತುವೆ ಮೇಲೆ ಬಸ್ಸು ಕೆಟ್ಟು ನಿಂತಿತು. ಕೆಳಗೆ ಒಣಗಿದ ಕಾಲುವೆಯಲ್ಲಿ ಗಂಡಸರು, ಹೆಂಗಸರು ಬುಟ್ಟಿಯಲ್ಲಿ ಹೂಳು ತುಂಬಿ ಎತ್ತುತ್ತಿದ್ದರು. ಒಬ್ಬ ಗಾರೆಯವನು ಬಿರುಕಿಗೆ ಸಿಮೆಂಟು ಮೆತ್ತುತ್ತಿದ್ದ. ನಮ್ಮವರು ಕಿಟಕಿಯಿಂದ ನೋಡುತ್ತಲೇ ಇದ್ದರು. ನಾನು ಸುಮ್ಮನೆ ಕೇಳಿದೆ, "ಡಾಕ್ಟರು ಮುಳ್ಳು ಇಳಸ್ರಿ ಅಂದ್ರ ನೀವು ಏರಸ್ತೀರಲ್ಲ, ಯಾಕ್ರಿ?" ಕಾದೆ. ಇಪ್ಪತ್ತು ದಾಟಿದ ಮೇಲೆ ಅಂದರು, "ಗೇಜ್... ಇಳದ್ರ... ಟೇಲ್‌ನವ್ರು... ಸಾಯ್ತಾರ."

ಹೌದಲ್ಲ! ಹದಿನೈದು ವರ್ಷ ಆ ಮನುಷ್ಯನಿಗೆ ಇಳಿಯುವ ಗೇಜು ಅಂದರೆ ಒಣಗುವ ಹೊಲ, ಬಾಗಿಲಿಗೆ ಬಂದು ಎದೆ ಬಡಕೊಳ್ಳುವ ರೈತ. ಇಳಿಸು ಅಂದರೆ ಹೇಗೆ ಇಳಿಸಿಯಾರು? ಬೇರೆ ಯಾವ ಊರಿನ ರೋಗಿಯೂ ಮಾಡದ ತಪ್ಪು ಅದು. ವಯಲೆಟ್ ಓದಿದ ಯಾವ ಪುಸ್ತಕದಲ್ಲೂ ಇದ್ದಿರಲಾರದು.

ಮುಂದಿನ ಸಲ ಹಣೆಗೆ ತಂತಿ ಅಂಟಿಸಿದ ಮೇಲೆ ವಯಲೆಟ್ ಅವರ ಅಪ್ಪಣೆ ಕೇಳಿ ನಾನೇ ಸ್ಟೂಲಿನ ಮೇಲೆ ಕೂತೆ.

"ಇದು ಯಾವ ತಿಂಗಳ್ರಿ?"

"ಮೇ."

"ಕಾಲುವಿ?"

"ಬಂದ್."

"ಒಳಗ ಯಾರದಾರ?"

"ಹೂಳು... ತೆಗಿಯೋ ಮಂದಿ."

"ಹೆಣ್ಮಕ್ಕಳೂ ಅದಾರಲ್ಲ? ಮತ್ತ ನೀವು ಗೇಟ್ ಯಾಕ ಎತ್ತಾಕತ್ತೀರಿ? ನೀರು ಬಂದ್ರ ಅವರ ಗತಿ ಏನು?"

ಅವರು ನನ್ನನ್ನು ನೋಡಿದರು. ಅಂಥ ನೋಟ ಮದುವೆಯಾದ ಮೇಲೆ ಮೂರೋ ನಾಲ್ಕೋ ಸಲ ನೋಡಿದ್ದಿರಬೇಕು. ಆಮೇಲೆ ಅವರ ಬಲಗೈ ತೊಡೆಯ ಮೇಲಿಂದ ಎದ್ದು, ಗಾಳಿಯಲ್ಲಿ, ನಿಧಾನಕ್ಕೆ, ಚಕ್ರ ತಿರುಗಿಸುವ ಹಾಗೆ ತಿರುಗಿತು. ಗೇಟು ಇಳಿಸುವ ದಿಕ್ಕಿಗೆ. ಟಕಟಕ ಸಡಿಲಾಯಿತು. ಒಂದೊಂದಾಗಿ ಬಿಡಿಬಿಡಿಯಾಯಿತು. ಮುಳ್ಳು ನೆಲಕ್ಕೆ ಬಂದು ಮಲಗಿತು. ಅವರು ಕೂತಲ್ಲೇ ನಿದ್ದೆ ಹೋದರು. ವಯಲೆಟ್ ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ರಾತ್ರಿ ನಮ್ಮವರು ಒಂದು ರೊಟ್ಟಿ ಉಂಡು, ಇನ್ನರ್ಧ ಕೇಳಿದರು.

ಡಬ್ಬಿಯನ್ನು ಒಂದು ತಿಂಗಳಿಗೆ ಮನೆಗೆ ಕೊಟ್ಟರು. ದಿನಾ ಎರಡು ಹೊತ್ತು. ಜೂನಿಗೆ ಗೋಡೆಯ ಕಡೆಯಿಂದ ಪಡಸಾಲೆಯ ಕಡೆ ಮುಖ ತಿರುಗಿತ್ತು. ಕೋಲು ಹಿಡಿದು ಬಾಗಿಲವರೆಗೆ ಬರುತ್ತಿದ್ದರು. ಎಡಗೈಯ ಬೆರಳು ನೀರಿನ ಲೋಟವನ್ನು ತಳ್ಳುವಷ್ಟು ಬಂದಿದ್ದವು, ಹಿಡಿಯುವಷ್ಟು ಬಂದಿರಲಿಲ್ಲ. ಮಂಕು ಪೂರ್ತಿ ಹೋಗಿತ್ತೆಂದು ಹೇಳಲಾರೆ. ಕೆಲವು ದಿನ ಮತ್ತೆ ಗೋಡೆಗೆ ತಿರುಗುತ್ತಿದ್ದರು. ಆದರೆ ಖಾಸಿಂ ಬಂದು "ಗೇಜ್ ಸೊನ್ನಿ ಅಣ್ಣಾರ" ಅಂದರೆ, "ಹೂಳು?" ಅಂತ ಕೇಳುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಭಾವ ನೀರಾವರಿ ಆಫೀಸಿನ ಸಾಹೇಬರನ್ನು ಕರಕೊಂಡು ಬಂದರು. ಮೈಸೂರು ಕಡೆಯವರು, ಹೊಸದಾಗಿ ಬಂದವರು. ಜುಲೈಗೆ ನೀರು ಬಿಡಬೇಕು, ಗೇಟಿನ ಚಾರ್ಜು ಬೇರೆಯವರಿಗೆ ಕೊಡಬೇಕು, ಅದಕ್ಕೆ ನಮ್ಮವರು ಕೆಲಸಕ್ಕೆ ಅಸಮರ್ಥ ಅಂತ ಒಂದು ಕಾಗದ. ನಮ್ಮವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಹಣೆಗೆ ತಂತಿ, ಪಕ್ಕದ ಸ್ಟೂಲಿನ ಮೇಲೆ ಡಬ್ಬಿ. ಟಕ್... ಟಕ್... ಅಂತ ಸಮಾಧಾನವಾಗಿ ನಡೆಯುತ್ತಿತ್ತು.

ಸಾಹೇಬರು ಚೀಲದಿಂದ ಶಾಯಿಯ ಸ್ಟಾಂಪ್ ಪ್ಯಾಡು ತೆಗೆದರು. "ಸಹಿ ಮಾಡೋಕೆ ಆಗಲ್ಲ ಅಲ್ವಾ? ಹೆಬ್ಬೆಟ್ಟು ಸಾಕು."

ಹದಿನೈದು ವರ್ಷ ಗೇಜಿನ ರಿಜಿಸ್ಟರು ಬರೆದ ಕೈಗೆ ಹೆಬ್ಬೆಟ್ಟು!

"ಇವಗೇನ್ ತಿಳೀತೈತ್ರಿ ಸಾಹೇಬ್ರ" ಅಂದರು ಭಾವ. "ಕೈ ನಾ ಹಿಡಿತೀನಿ, ನೀವು ಒತ್ತಿಸ್ರಿ."

ಟಕ್. ಟಕ್. ಟಕ್ ಟಕ್.

"ಏನದು ಸದ್ದು?"

"ಅವರ ಹಣಿ ರೀ" ಅಂದೆ.

"ಏನಂದ್ರಿ?"

"ಅವರ ಹಣಿ ಸಪ್ಪಳ. ನೀವು ಆಡಿದ ಮಾತು ಅವರಿಗೆ ಕೇಳಾಕತ್ತೈತಿ."

ಭಾವ ನಕ್ಕರು. "ಏ ಕಾನ್ವೆಂಟಿನಾಕಿ, ಬಂದ್ ಮಾಡವ್ವಾ ಅದನ್ನ. ಅಲ್ರಿ ಸಾಹೇಬ್ರ, ಕ್ವಾರ್ಟರ್ಸ್ ಯಾವಾಗ ಖಾಲಿ ಮಾಡ್ಬೇಕ್ರಿ? ಇವನ್ನ ಮಸ್ಕಿಗೆ ಒಯ್ದು ನಮ್ಮ ದುಕಾನದ ಹಿಂದಿನ ಖೋಲ್ಯಾಗ ಹಾಕ್ತೀನಿ. ಅಲ್ಲಿ ಗೋಣಿಚೀಲ ಅದಾವ, ಅವನ್ನ ತಗಸ್ತೀನಿ."

ಡಬ್ಬಿ ಕೂಗಿತು. ಟಕಟಕ ಒಂದಕ್ಕೊಂದು ಹತ್ತಿಕೊಂಡು ಒಂದೇ ಸದ್ದಾಯಿತು. ಕಾಲುವೆಯ ದಂಡೆ ಒಡೆದಾಗ ಬರುತ್ತದಲ್ಲ, ಆ ಥರ. ಮುಳ್ಳು ಕೊನೆಗೆ ಹೋಗಿ ಬಡಿದು ನಿಂತಿತು. ನಮ್ಮವರು ಕುರ್ಚಿಯಲ್ಲಿ ಅಲುಗಾಡಿರಲಿಲ್ಲ. ಕಣ್ಣು ಮಾತ್ರ ತೆರೆದಿದ್ದರು. ಭಾವ ಹಿಡಿದುಕೊಂಡಿದ್ದ ತಮ್ಮನ ಕೈಯನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟರು.

ನಾನು ಎಣಿಸುತ್ತಿದ್ದೆ. ನಾಲ್ಕಕ್ಕೆ ನಿಲ್ಲಿಸಿ, ಸಾಹೇಬರ ಕೈಯಿಂದ ಸ್ಟಾಂಪ್ ಪ್ಯಾಡು ತೆಗೆದುಕೊಂಡು, ಹೊಸ್ತಿಲ ಬಳಿಯ ನೀರಿನ ಬಕೀಟಿನಲ್ಲಿ ಹಾಕಿದೆ. ನೀಲಿ ಶಾಯಿ ದಾರ ಬಿಚ್ಚಿದ ಹಾಗೆ ನೀರಿನಲ್ಲಿ ಬಿಚ್ಚಿಕೊಂಡಿತು.

"ಪೆ...ನ್" ಅಂದರು ನಮ್ಮವರು.

ಸಾಹೇಬರು ತಮ್ಮ ಕಿಸೆಯ ಪೆನ್ನು ಕೊಟ್ಟರು. ನಮ್ಮವರು ಕಾಗದ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದಿದರು. ಬಹಳ ಹೊತ್ತು ಹಿಡಿಯಿತು. "ಕೈಕಾಲು ಸ್ವಾಧೀನವಿಲ್ಲದ" ಅಂತ ಇದ್ದದ್ದನ್ನು ಬಿಟ್ಟರು. ಮುಂದೆ "ಹಾಗೂ ತಿಳಿವಳಿಕೆ ಇಲ್ಲದ" ಅಂತ ಇತ್ತು. ಅದರ ಮೇಲೆ ಗೆರೆ ಎಳೆದರು. ಒಂದು ಗೆರೆ, ನೇರ. ಕೆಳಗೆ ಸಹಿ ಹಾಕಿದರು. ಕೆಲಸ ಹೋಯಿತು. ಹೋಗುವುದೇ ಇತ್ತು. ಡಬ್ಬಿ ಮತ್ತೆ ಟಕ್... ಟಕ್... ಅನ್ನತೊಡಗಿತು.

"ಓಹೋ, ಇವರಿಗೆ ಎಲ್ಲಾ ಅರ್ಥ ಆಗುತ್ತೆ!" ಅಂದರು ಸಾಹೇಬರು, ನನಗೆ.

"ಅವರಿಗೇ ಹೇಳ್ರಿ" ಅಂದೆ.

ಭಾವ ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು. "ವೀರೂ, ನಿನಗ ಎಲ್ಲಾ ಕೇಳಸ್ತಿತ್ತೇನೋ? ಮೊದ್ಲಿಂದ?" ಕನಿಕರ ಬರಬೇಕಿತ್ತು ನನಗೆ. ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮೂರು ತಿಂಗಳು ಆ ಮನುಷ್ಯನ ಕಣ್ಣೀರು ಇತ್ತು, ತೊದಲು ಇತ್ತು, ಗೋಡೆಗೆ ತಿರುಗಿದ ಬೆನ್ನಿತ್ತು. ಒಬ್ಬರೂ ನಂಬಲಿಲ್ಲ. ಒಂದು ಡಬ್ಬಿ ಟಕಟಕ ಅಂದ ಕೂಡಲೆ ನಂಬಿದರು. ಆ ಡಬ್ಬಿ ನಮ್ಮ ಮನೆಗೆ ಬರದಿದ್ದರೆ? ಅಂಥ ಡಬ್ಬಿ ಬರದ ಎಷ್ಟು ಮನೆಗಳು ಈ ಸೀಮೆಯಲ್ಲಿದ್ದವೋ, ಅಲ್ಲಿ ಎಷ್ಟು ಜನ ಗೋಣಿಚೀಲದ ಪಕ್ಕ ಮಲಗಿ ಎಲ್ಲ ಕೇಳಿಸಿಕೊಂಡು ಸತ್ತರೋ.

ಆದರೆ ಅವತ್ತಿನ ಸಂಗತಿ ಅಲ್ಲಿಗೇ ಮುಗಿಯಲಿಲ್ಲ, ಮುಗಿದಿದ್ದರೆ ನಾನು ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೆ. ಸಂಜೆ ನಾಲ್ಕಕ್ಕೆ ಖಾಸಿಂ ಬಂದಾಗಲೂ ತಂತಿ ಅವರ ಹಣೆಯ ಮೇಲೇ ಇತ್ತು. "ಅಣ್ಣಾರ, ಚಹಾ ಕುಡಿತೀರೇನು, ನಾನೂ ಕುಡಿತೀನಿ" ಅಂದ. ನಾನು ಒಲೆಯ ಮುಂದಿನಿಂದಲೇ, "ಅವರಿಗೆ ಬ್ಯಾಡ ಖಾಸಿಂ, ದಣದಾರ, ಈಗ ಮಲಗ್ತಾರ" ಅಂದೆ.

ಟಕ್ ಟಕ್ ಟಕ್ ಟಕ್.

ಕೈಯಲ್ಲಿದ್ದ ಸಾಣಿಗೆ ಹಾಗೇ ಉಳಿಯಿತು. ಮೂರು ತಿಂಗಳಿಂದ ನಾನೂ ಅದನ್ನೇ ಮಾಡುತ್ತಿದ್ದೆ. ಅವರಿಗೆ ಸೆಕೆ ಆಗ್ಯದ, ಅವರಿಗೆ ಖಾರ ಬ್ಯಾಡ, ಅವರಿಗೆ ಯಾರನ್ನೂ ನೋಡೋ ಮನಸ್ಸಿಲ್ಲ. ಪ್ರೀತಿಯಿಂದ, ಮೆತ್ತನೆಯ ದನಿಯಲ್ಲಿ, ಕಾನ್ವೆಂಟಿನಲ್ಲಿ ಕಲಿತ ನಯದಿಂದ ಅವರ ಬಾಯಿಗೆ ನನ್ನ ಕೈ ಅಡ್ಡ ಇಟ್ಟಿದ್ದೆ. ಭಾವನ ಮೇಲಿನ ಸಿಟ್ಟು ಇವತ್ತಿಗೂ ಇದೆ ಅಂದೆನಲ್ಲ, ಅದರಲ್ಲಿ ಒಂದು ಪಾಲು ನನಗೂ ಸೇರಬೇಕು. ಹೊರಗೆ ಬಂದು ಕೇಳಿದೆ, "ಚಹಾ ಬೇಕೇನ್ರಿ?" ಹನ್ನೊಂದಕ್ಕೆ ಉತ್ತರ ಬಂತು. "ಶುಂಠಿ... ಹಾಕು."

ಜುಲೈ ಬಂತು. ನೀರು ಬಿಡುವ ದಿನ ನಮ್ಮವರು ಇಸ್ತ್ರಿ ಮಾಡಿದ ಅಂಗಿ ಕೇಳಿ ಹಾಕಿಕೊಂಡರು. ಕೋಲು ಊರಿ ಗೇಟಿಗೆ ನಡೆದರು, ನೂರು ಹೆಜ್ಜೆಗೆ ಕಾಲು ತಾಸು. ಸಾಹೇಬರು ಅಲ್ಲಿದ್ದರು, ಹೊಸ ಇನ್‌ಸ್ಪೆಕ್ಟರ್ ಕೈಯಲ್ಲಿ ಗೇಟಿನ ಚಾವಿ ಇತ್ತು. ಗೇಟಿನ ಆಚೆ ದೊಡ್ಡ ಕಾಲುವೆಯಲ್ಲಿ ಕೆಂಪು ನೀರು ಬಂದು ನಿಂತು, ನೊರೆ, ಕಸ, ಹುಲ್ಲು ಹೊತ್ತು ಗೇಟನ್ನು ತಳ್ಳುತ್ತಿತ್ತು. ಈಚೆ ಉಪಕಾಲುವೆ ಒಣಗಿತ್ತು. ಎರೆಮಣ್ಣಿನ ದಂಡೆ ಬೇಸಿಗೆಗೆ ಬಿರಿದು, ಬಿರುಕಿನಲ್ಲಿ ಕೈ ಹೋಗುವ ಹಾಗಿತ್ತು.

"ಎರಡು ಫೂಟು ಎತ್ತಿಬಿಡು" ಅಂದ ಹೊಸಬ.

ಖಾಸಿಂ ಚಕ್ರಕ್ಕೆ ಕೈ ಹಚ್ಚಿದ. ಹೊಸಬನ ಕಡೆ ನೋಡಲಿಲ್ಲ, ಸಾಹೇಬರ ಕಡೆ ನೋಡಲಿಲ್ಲ. "ಅಣ್ಣಾರ, ಎಷ್ಟ್ ಎತ್ಲಿ?"

"ಅವರನ್ನ ಯಾಕಯ್ಯಾ ಕೇಳ್ತೀಯ, ಅವರ ಚಾರ್ಜ್ ಇಲ್ಲ ಈಗ" ಅಂದರು ಸಾಹೇಬರು.

"ದಂಡಿ ಒಡದ್ರ ನೀವು ಬಂದು ಕಟ್ತೀರೇನ್ರಿ? ನಾನು ಕಟ್ಟಬೇಕು" ಅಂದ ಖಾಸಿಂ, ಚಕ್ರದ ಮೇಲಿನ ಕೈ ತೆಗೆಯದೆ.

ಸಾಹೇಬರು ಗಡಿಯಾರ ನೋಡಿಕೊಂಡು ನನ್ನ ಕಡೆ ತಿರುಗಿದರು. "ಏನಮ್ಮಾ, ಎಷ್ಟಂತಾರೆ ಇವರು?"

ಉತ್ತರ ನನಗೆ ಗೊತ್ತಿತ್ತು. ಪ್ರತಿ ಜುಲೈಗೆ ಕಿಟಕಿಯಿಂದ ಕೇಳಿದ್ದೆ. ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿ ಹಿಡಿದೆ. "ಅವರನ್ನ ಕೇಳ್ರಿ" ಅಂದು ಎಣಿಸತೊಡಗಿದೆ. ಹತ್ತಾಯಿತು. ನಮ್ಮವರ ತುಟಿ ಅಲುಗುತ್ತಿತ್ತು. ಇಪ್ಪತ್ತಾಯಿತು. ಹೊಸಬ ಕೆಮ್ಮಿದ. ಗೇಟಿನ ಸಂದಿಯಿಂದ ಒಂದು ಎಳೆ ನೀರು ಜಿನುಗಿ ಒಣ ನೆಲ ಮುಟ್ಟಿ ಕಪ್ಪಾಯಿತು. ಸಾಹೇಬರು ಮತ್ತೆ ಗಡಿಯಾರ ನೋಡಿದರು. ಆ ಗಡಿಯಾರವನ್ನು ಅವರ ಮುಂಗೈಯಿಂದ ಕಿತ್ತು ನೀರಿಗೆ ಎಸೆಯಬೇಕು ಅನ್ನಿಸಿತು. ಮೂವತ್ತು. ಮೂವತ್ತೊಂದು.

"ಅರ್ಧ... ಫೂಟ್" ಅಂದರು ನಮ್ಮವರು. "ಬಿರುಕು... ಅದಾವ. ನಾಳಿ... ಇನ್ನರ್ಧ."

"ಜೀ ಅಣ್ಣಾರ" ಅಂದ ಖಾಸಿಂ. ಚಕ್ರ ತಿರುಗಿತು. ನೀರು ಗೇಟಿನ ಅಡಿಯಿಂದ ಹಾವಿನ ಹಾಗೆ ಮೆಲ್ಲಗೆ ಹೊರಬಂದು, ಬಿರುಕುಗಳನ್ನು ಒಂದೊಂದಾಗಿ ತುಂಬುತ್ತ, ಗುಳುಗುಳು ಅನ್ನುತ್ತ ಮುಂದೆ ಹೋಯಿತು. ಅದು ಗೇಜಿನ ಮೊದಲನೆಯ ಗೆರೆ ಮುಟ್ಟಲು ಬಹಳ ಹೊತ್ತು ಬೇಕು. ನಮ್ಮವರು ನೋಡುತ್ತ ನಿಂತರು. ಅವರು ಸಾಕು ಅನ್ನುವವರೆಗೆ ಖಾಸಿಂ ಚಕ್ರ ಬಿಡುವವನಲ್ಲ. ಹಾಗಾಗಿ ಬಿಸಿಲಿನಲ್ಲಿ ಸಾಹೇಬರೂ ನಿಲ್ಲಬೇಕಾಯಿತು.

ನಿಲ್ಲಲಿ ಅಂದುಕೊಂಡೆ.